ಬೋರ್ಡಿನ ಮೂಲೆಯ ಗಿಳಿ

ಕಂಪ್ಯೂಟರಿನಲ್ಲಿ ಸರ್ಕ್ಯೂಟ್ ಬೋರ್ಡುಗಳ ನಕ್ಷೆ ಬಿಡಿಸುವುದು ನನ್ನ ಕಸುಬು. ಬಾಲಾನಗರದ ಒಂದು ಶೆಡ್ಡಿನಲ್ಲಿ ಕೂತು ಅರ್ಧ ಆಯುಷ್ಯ ಇದರಲ್ಲೇ ಕಳೆದೆ. ಪ್ರತಿ ಬೋರ್ಡಿನ ಮೂಲೆಯಲ್ಲೂ ಅವ್ವ ಕಲಿಸಿದ ಕಸೂತಿಯ ಗಿಳಿಯೊಂದನ್ನು ತಾಮ್ರದಲ್ಲಿ ಇಡುತ್ತಿದ್ದೆ, ಕಡಲೆಕಾಳಿನಷ್ಟು. ಕಸೂತಿಯ ದಾರವೂ ಬೋರ್ಡಿನ ತಾಮ್ರದ ಗೆರೆಯೂ ನೇರ, ಅಡ್ಡ, ಓರೆಯಾಗಿಯೇ ಓಡುವುದರಿಂದ ಕಷ್ಟವಾಗಲಿಲ್ಲ. ಈ ಕಸುಬಿನವರು ಹೀಗೆ ಗುರುತು ಬಿಡುವುದುಂಟು. ನಮ್ಮ ಹೆಸರು ಬೋರ್ಡಿನ ಮೇಲೆ ಬೇರೆಲ್ಲೂ ಇರುವುದಿಲ್ಲ.

ನಾವು ಬಳಸುತ್ತಿದ್ದ ಸಾಫ್ಟ್‌ವೇರಿನವರು ಅಂಗಡಿ ಮುಚ್ಚಿದಾಗ, ಹೊಸದನ್ನು ಆರಿಸುವ ಕೆಲಸವನ್ನು ಮಾಲೀಕರು ನನಗೇ ವಹಿಸಿದರು. ಹಿಗ್ಗಿದೆ. ಮೂರು ಸಾಫ್ಟ್‌ವೇರುಗಳಲ್ಲಿ ಹಳೆಯ ನಕ್ಷೆಗಳನ್ನು ಒಂದೊಂದಾಗಿ ತೆರೆದು ನೋಡಿದೆ. ನೋಡಲು ತೀರಾ ಸಪ್ಪೆಯಾದ ಒಂದರಲ್ಲಿ ಮಾತ್ರ ಎಲ್ಲವೂ ಇದ್ದ ಹಾಗೇ ತೆರೆದುಕೊಂಡವು. ಇಷ್ಟು ವರ್ಷ ದುಡಿದದ್ದು ಹಾಳಾಗಬಾರದು, ನನಗೆ ಬೇಕಾದದ್ದು ಅಷ್ಟೇ.

ಮಾಲೀಕರದು ಕಲಬುರಗಿ ಕಡೆಯಿಂದ ಬಂದು ಬೇಗಂ ಬಜಾರಿನಲ್ಲಿ ಪಾತ್ರೆ ಅಂಗಡಿ ಇಟ್ಟ ಮನೆತನ. ಬೆರಳಿನಿಂದ ಬಾರಿಸಿ ನಾದ ಕೇಳದೆ ಒಂದು ಕೊಡವನ್ನೂ ಕೊಳ್ಳುವವರಲ್ಲ. ಸಾಫ್ಟ್‌ವೇರಿಗೆ ಮಾತ್ರ ಹೊಳಪೇ ಸಾಕಾಯಿತು. ಗಚ್ಚಿಬೌಲಿಯ ಐಟಿ ಕಂಪನಿಗಳ ಕಡೆಯಿಂದ ಬಂದ ಅವರ ಅಳಿಯ, ನಾನು ಬೇಡವೆಂದವುಗಳಲ್ಲೇ ಒಂದನ್ನು ತೆರೆದು, ಲ್ಯಾಪ್‌ಟಾಪಿನಲ್ಲಿ ಹಸಿರು ಬೋರ್ಡೊಂದನ್ನು ಗಿರಗಿರ ತಿರುಗಿಸಿ ತೋರಿಸಿದ. ಮಾಲೀಕರೂ ಅವರ ತಮ್ಮಂದಿರೂ ಬಾಯಿ ಬಿಟ್ಟುಕೊಂಡು ನೋಡಿದರು. ಹೊರಗೆ ಥಳಕು, ಒಳಗೆ ಹುಳುಕು!

"ಹಳೇ ನಕ್ಷೆ ಇದರಾಗ ಪೂರಾ ಓಪನ್ ಆಗಂಗಿಲ್ರಿ. ನಾ ಮಾಡಿ ನೋಡೀನಿ," ಎಂದೆ.

"ಅಕ್ಕಾರ, ನಿಮಗ ಹಳೇದರ ಮ್ಯಾಲೆ ಭಾಳ ಮೋಹ ಐತಿ. ಅಳಿಯಂದ್ರು ಸುಮ್ಮಸುಮ್ಮನ ಹೇಳ್ತಾರೇನ್ರಿ?" ಎಂದರು ಮಾಲೀಕರು.

ನನ್ನನ್ನು ಕೇಳಿದ್ದು ಬರೀ ಶಾಸ್ತ್ರಕ್ಕೆ. ಮೈ ಉರಿಯಿತು. ಮರುದಿನ ಕಂಪ್ಯೂಟರಿಗೆ ಅರಿಸಿನ ಕುಂಕುಮ ಹಚ್ಚಿ, ಕಾಯಿ ಒಡೆದು, ಅಳಿಯನ ಸಾಫ್ಟ್‌ವೇರನ್ನೇ ಹಾಕಿದರು. ಆರತಿ ಬೆಳಗಿದವಳು ನಾನೇ.

ಕೆಲವು ತಿಂಗಳ ಹಿಂದೆ ಗಿರಾಕಿಯೊಬ್ಬರಿಗೆ ಹಳೆಯ ಬೋರ್ಡೊಂದು ಮತ್ತೆ ಬೇಕಾಯಿತು. ನಕ್ಷೆ ತೆರೆದರೆ ಅರ್ಧ ಗೆರೆಗಳೇ ಮಾಯ. ಹಳೆಯ ಬೋರ್ಡನ್ನು ಮೇಜಿನ ಮೇಲಿಟ್ಟುಕೊಂಡು, ನಾನು ಮಾಡಿದ್ದನ್ನೇ ನಾನು ವಾರಗಟ್ಟಲೆ ಕೂತು ನಕಲು ಮಾಡಿದೆ. ಗಿಳಿಯನ್ನೂ ಬಿಡಿಸಿದೆ. ಕೊನೆಯ ತಪಾಸಣೆ ಅಳಿಯನದು. ಬೋರ್ಡು ತಯಾರಾಗಿ ಬಂದಾಗ ಮೂಲೆ ಖಾಲಿ.

"ಅದು ಯಾವುದಕ್ಕೂ ಜೋಡಣಿ ಇರಲಿಲ್ರಿ. ಸಾಫ್ಟ್‌ವೇರ್ ತಾನ ತೆಗೀತು. ಎಷ್ಟ್ ಶಾಣ್ಯಾ ಐತಿ ನೋಡ್ರಿ!" ಎಂದ ಅಳಿಯ. ಮಾಲೀಕರು ಅವನ ಬೆನ್ನು ತಟ್ಟಿದರು.

ಈಗ ಪ್ರತಿ ಬೋರ್ಡಿನಲ್ಲೂ ಗಿಳಿಯ ಕಾಲಿನಿಂದ ಕೂದಲೆಳೆಯಂಥ ತಾಮ್ರದ ಗೆರೆ ಎಳೆದು, ಪಕ್ಕದ ಸರ್ಕ್ಯೂಟಿಗೆ ಕಟ್ಟಿಬಿಡುತ್ತೇನೆ. ಸಾಫ್ಟ್‌ವೇರ್ ಅದನ್ನು ಮುಟ್ಟುವುದಿಲ್ಲ. ಅವ್ವ ಸೀರೆ ಸೆರಗಿನ ಮೇಲೆ ಎಷ್ಟೋ ಗಿಳಿ ಹೊಲಿದಳು. ಒಂದರ ಕಾಲನ್ನೂ ಕಟ್ಟಿ ಹೊಲಿದವಳಲ್ಲ.