ಪೊಡಿಯಬ್ಬರ ಸೌಟು ತಳ ಮುಟ್ಟದ ದಿನ

ಬೆಳಗಿನ ಬಾಂಗಿಗೂ ಮೊದಲೇ ಗಲ್ಫಿನ ಬತ್ಹಾ ಪೇಟೆಯ ಅಡುಗೆಮನೆಯಲ್ಲಿ ಪೊಡಿಯಬ್ಬರ ಕಣ್ಣು ಒದ್ದೆಯಾಗಿದೆ. ಕೇಳಿದರೆ ಈರುಳ್ಳಿಯ ಮೇಲೆ ಗೂಬೆ ಕೂರಿಸುತ್ತಾರೆ. ಪಕ್ಕದ ದೊಡ್ಡ ಹಂಡೆಯಲ್ಲಿ ಕೋಳಿ ಸಾರು ಕುದಿಯುತ್ತಿದೆ. ಇದು ಊರಾಚೆಯ ಬಂಧನ ಕೇಂದ್ರದಲ್ಲಿ ಗಡೀಪಾರಿಗೆ ಕಾಯುವವರ ಊಟ. ಉಳ್ಳಾಲದ ಪೊಡಿಯಬ್ಬ ಹಲವು ವರ್ಷಗಳಿಂದ ಅದನ್ನು ಬೇಯಿಸಿ, ತಾವೇ ಹೋಗಿ ಬಡಿಸುತ್ತಾರೆ.

ಬಡಿಸುವುದರಲ್ಲೇ ಇದೆ ಕಥೆ. ಕೋಳಿ ತುಂಡು ತಳದಲ್ಲಿರುತ್ತದೆ, ಮೇಲೆ ಬರೀ ನೀರು. ಎದುರಿಗೆ ನಮ್ಮ ಭಾರತದವರು ನಿಂತರೆ ಸೌಟು ತಳ ಮುಟ್ಟುತ್ತಿತ್ತು. ಆಫ್ರಿಕಾದವರು ನಿಂತರೆ ಮೇಲೆಯೇ ತೇಲುತ್ತಿತ್ತು.

"ಯಾರೂ ಹೇಳಿಕೊಟ್ಟದ್ದಲ್ಲ. ಮೊದಲಿದ್ದವರು ಹಾಗೆ ಮಾಡ್ತಿದ್ರು, ನಾನೂ ಮಾಡಿದೆ. ಕೈಗೆ ಅಭ್ಯಾಸ ಆಗಿ ಹೋಯ್ತು," ಎನ್ನುತ್ತಾರೆ, ತಲೆ ಎತ್ತದೆ.

ಕಳೆದ ತಿಂಗಳು ಸುಡಾನಿನ ಸಾಲಿಮ್ ತನ್ನ ತಟ್ಟೆಯನ್ನು ಎತ್ತಿ ಎಲ್ಲರಿಗೂ ತೋರಿಸಿದ. ಅಷ್ಟೇ, ಕೇಂದ್ರ ಹೊತ್ತಿಕೊಂಡಿತು. ಆಫ್ರಿಕಾದವರೂ ನಮ್ಮವರೂ ಕೈ ಕೈ ಮಿಲಾಯಿಸಿ ಹೊಡೆದಾಡಿದರು, ಬಿಡಿಸಲು ಬಂದ ಕಾವಲುಗಾರರನ್ನು ಹೊರದಬ್ಬಿ ಬಾಗಿಲು ಹಾಕಿಕೊಂಡರು. ಬಿಸಿ ಸಾರಿನ ಹಂಡೆ ಪೊಡಿಯಬ್ಬರ ಮೇಲೆ ಉರುಳುವಾಗ ಅವರನ್ನು ಎಳೆದು ಉಳಿಸಿದವನೂ ಅದೇ ಸಾಲಿಮ್. ಅವನ ತೋಳು ಬೆಂದಿತು. ಈಗ ಅವನು ದಂಗೆ ಎಬ್ಬಿಸಿದ ಆರೋಪ ಹೊತ್ತು ಒಂಟಿ ಕೋಣೆಯಲ್ಲಿದ್ದಾನೆ.

ನಾಯಕರ ಬಾಯಿಗೆ ಕೆಲಸ ಸಿಕ್ಕಿತು. ಆಫ್ರಿಕಾದ ದೇಶವೊಂದರ ಮಂತ್ರಿ ತಪ್ಪೆಲ್ಲ ಭಾರತದವರದ್ದು ಎಂದರು. ನಮ್ಮ ಕರಾವಳಿಯ ಮುಖಂಡರೊಬ್ಬರು "ಕರಿಯರ ದಾಳಿಗೆ ಎದೆಯೊಡ್ಡಿದ ನಮ್ಮೂರ ಧೀರ" ಎಂದು ವಿಡಿಯೊದಲ್ಲಿ ಪೊಡಿಯಬ್ಬರನ್ನು ಹಾಡಿ ಹೊಗಳಿದರು. ಸಾರಿನ ಮಾತನ್ನು ಯಾರೂ ಎತ್ತಲಿಲ್ಲ. ಪೊಡಿಯಬ್ಬರೂ ಎತ್ತಲಿಲ್ಲ.

ಬರುವ ಶುಕ್ರವಾರ ಇಲ್ಲಿನ ಕನ್ನಡಿಗರ ಸಂಘದಲ್ಲಿ ಅದೇ ಮುಖಂಡರ ಕೈಯಿಂದ ಸನ್ಮಾನ. ಊರಿನಲ್ಲಿ ಹೆಂಡತಿ ಆಮಿನತ್ ವಿಡಿಯೊ ನೋಡಿ ಫೋನಿನಲ್ಲಿ ಅತ್ತೇಬಿಟ್ಟಳು: "ನೀವು ಇಷ್ಟು ದೊಡ್ಡವರು ಅಂತ ನನಗೇ ಗೊತ್ತಿರ್ಲಿಲ್ಲ." ಆಗ ಪೊಡಿಯಬ್ಬರಿಗೆ ನೆಲ ಬಾಯಿ ಬಿಡಬಾರದೇ ಎನ್ನಿಸಿತು. ಅಷ್ಟು ನಾಚಿಕೆ ಅವರಿಗೆ ಹಿಂದೆಂದೂ ಆದದ್ದಿಲ್ಲ.

ನಿಜ ಹೇಳಿದರೆ ಕೆಲಸ ಹೋದೀತು, ಕೆಲಸಕ್ಕೆ ಕರೆಸಿಕೊಂಡ ಧಣಿ ಕಫೀಲ್, ಇಲ್ಲಿ ವಾಸಿಸುವ ಪರವಾನಗಿಯಾದ ಇಕಾಮಾವನ್ನೇ ರದ್ದು ಮಾಡಿಸಿಯಾನು. ಆಮೇಲೆ ಅದೇ ಸಾಲಿನಲ್ಲಿ ತಾವೇ ತಟ್ಟೆ ಹಿಡಿದು ನಿಲ್ಲಬೇಕಾದೀತು. ಆ ಹೆದರಿಕೆ ಹೋಗಿಲ್ಲ. ಆದರೆ ಈಗ ಪ್ರತಿ ತಟ್ಟೆಗೂ ಮೊದಲು ಹಂಡೆಯನ್ನು ತಳದಿಂದ ಕಲಕುತ್ತಾರೆ, ತೋಳು ನೋಯುವವರೆಗೆ.

ವ್ಯಾನು ಬಂದು ಹಾರ್ನ್ ಹಾಕುತ್ತದೆ. ಪೊಡಿಯಬ್ಬ ಕೈ ಒರೆಸಿಕೊಳ್ಳುತ್ತಾರೆ.

"ಶಾಲು ಬೇಡ ಮಾರಾಯ್ರೆ. ಶುಕ್ರವಾರ ಒಮ್ಮೆ ಮೈಕ್ ಕೈಗೆ ಕೊಟ್ರೆ ಸಾಕು, ಇಷ್ಟು ಹೇಳ್ತೇನೆ. ಸಾಲಿಮ್ ತಟ್ಟೆ ತೋರಿಸಿದ್ದು ಮಾತ್ರ. ಅದಕ್ಕೆ ಬರೀ ನೀರು ಹಾಕಿದ್ದು ನಾನು."