ಎಲ್ಲದಕ್ಕೂ ‘ತುಂಬಾ ಇಷ್ಟ’

ನನ್ನ ಮಗಳು ಎಸ್ಸೆಸ್ಸೆಲ್ಸಿಯಲ್ಲಿ ತೊಂಬತ್ತರ ಮೇಲೆ ಪರ್ಸೆಂಟ್ ತೆಗೆದ ದಿನ ಮನೆಯಲ್ಲಿ ಪಾಯಸ ಮಾಡಿದ್ದೆ. ಎರಡನೇ ಲೋಟ ಕುಡಿಯುತ್ತಾ ಅವಳು, "ನಾನು ಆರ್ಟ್ಸ್ ತಗೊತೀನಿ" ಅಂದಳು. ಮೂರನೇ ಲೋಟವನ್ನು ಯಾರೂ ಕೇಳಲಿಲ್ಲ.

ನಮ್ಮ ಕಡೆ ಆರ್ಟ್ಸ್ ಅಂದರೆ ಬೇರೆ ಎಲ್ಲೂ ಸೀಟು ಸಿಗದವರು ಹೋಗಿ ಕೂರುವ ಜಾಗ. ಕಡಿಮೆ ಮಾರ್ಕ್ಸ್ ಬಂದ ಮಕ್ಕಳು ಪುಣ್ಯವಂತರು, ಅವರನ್ನು ಯಾರೂ ಏನೂ ಕೇಳುವುದಿಲ್ಲ. ಜಾಸ್ತಿ ಬಂದವರಿಗೇ ಕಷ್ಟ. ಅವರು ಸೈನ್ಸ್ ತೆಗೆದುಕೊಂಡೇ ತೀರಬೇಕು, ಇಲ್ಲದಿದ್ದರೆ ಬಂದ ಮಾರ್ಕ್ಸಿಗೆ ಅವಮಾನ. ನಮ್ಮ ಯಜಮಾನರಂತೂ ಮಗಳನ್ನು ಮನಸ್ಸಿನಲ್ಲೇ ಡಾಕ್ಟರ್ ಮಾಡಿ, ಕಿಬ್ಬನಹಳ್ಳಿ ಕ್ರಾಸಿನಲ್ಲಿ ಒಂದು ಕ್ಲಿನಿಕ್ಕನ್ನೂ ಇಟ್ಟುಕೊಟ್ಟು ಬಹಳ ದಿನವಾಗಿತ್ತು.

"ಆರ್ಟ್ಸ್ ಓದಿ ಏನಾಗ್ತೀಯಮ್ಮ?" ಅಂದರು.

"ಗೊತ್ತಿಲ್ಲಪ್ಪ. ಹಿಸ್ಟರಿ ಓದ್ಬೇಕು. ಅಷ್ಟು ಗೊತ್ತು."

ಇದು ಹೊಸ ವಿಷಯವೇನೂ ಆಗಿರಲಿಲ್ಲ. ಹಿಂದಿನ ವರ್ಷ ಬೋರನಕಣಿವೆ ಡ್ಯಾಮಿಗೆ ಹೋಗಿದ್ದಾಗ ನಾವೆಲ್ಲ ನೆರಳು ಹುಡುಕಿಕೊಂಡು ಚಿತ್ರಾನ್ನ ತಿನ್ನುತ್ತಿದ್ದರೆ ಇವಳು ಅಲ್ಲಿ ದನ ಮೇಯಿಸುತ್ತಿದ್ದ ಮುದುಕರೊಬ್ಬರನ್ನು ಹಿಡಿದುಕೊಂಡು ಏರಿ ಕಟ್ಟುವಾಗ ಯಾರ ಹೊಲ ಮುಳುಗಿತು, ಅವರು ಎಲ್ಲಿಗೆ ಹೋದರು ಎಂದು ವಿಚಾರಿಸುತ್ತಿದ್ದಳು. ಅವಳ ಪಾಲಿನ ಚಿತ್ರಾನ್ನವನ್ನು ಆ ಮುದುಕರೇ ತಿಂದರು. ಅದೆಲ್ಲ ಮಕ್ಕಳಾಟ ಎಂದುಕೊಂಡಿದ್ದೆ. ನನಗೂ ಸೈನ್ಸೇ ಬೇಕಿತ್ತು, ಸುಳ್ಳು ಯಾಕೆ ಹೇಳಲಿ. ಡಾಕ್ಟರ ತಾಯಿ ಅನ್ನಿಸಿಕೊಳ್ಳುವುದು ಯಾರಿಗೆ ಬೇಡ?

ತಿಪಟೂರಿನಲ್ಲಿ ಅವಳು ಓದಿದ ಹೈಸ್ಕೂಲಿನ ಕಾಂಪೌಂಡಿನಲ್ಲೇ ಪಿಯು ಕಾಲೇಜೂ ಇದೆ. ಸೋಮವಾರದೊಳಗೆ ಅಪ್ಲಿಕೇಶನ್ ಕೊಡಬೇಕಿತ್ತು. ಯಾವ ವಿಭಾಗ ಎಂದು ಬರೆದು, ಕೆಳಗೆ ಅಪ್ಪ ಅಥವಾ ಅಮ್ಮ ಸಹಿ ಹಾಕಬೇಕು. ಗುರುವಾರ ಸ್ಕೂಲಿನಿಂದ ಫೋನಿಗೆ ಒಂದು ಲಿಂಕ್ ಬಂತು. ಮುಂದೆ ಏನು ಓದಬೇಕೆಂದು ಮಕ್ಕಳಿಗೆ ದಾರಿ ತೋರಿಸುವ ಕೆಲಸವನ್ನು ಅಲ್ಲಿನ ಗಣಿತದ ಮೇಡಂ ನೋಡಿಕೊಳ್ಳುತ್ತಿದ್ದರು. ಆಸಕ್ತಿ ಪರೀಕ್ಷೆಯಂತೆ, ಅರವತ್ತು ಪ್ರಶ್ನೆ. ಪ್ರತಿಯೊಂದಕ್ಕೂ ತುಂಬಾ ಇಷ್ಟ, ಇಷ್ಟ, ಅಷ್ಟಕ್ಕಷ್ಟೇ, ಇಷ್ಟವಿಲ್ಲ ಎಂಬ ನಾಲ್ಕು ಉತ್ತರದಲ್ಲಿ ಒಂದನ್ನು ಒತ್ತಬೇಕು. ವಿದ್ಯಾರ್ಥಿಯೇ ಒಬ್ಬರೇ ಕೂತು ಮಾಡಬೇಕು ಎಂದು ಮೇಲ್ಗಡೆ ಬರೆದಿತ್ತು. ನಮ್ಮ ಮನೆಯಲ್ಲಿ ಒಬ್ಬರೇ ಕೂತು ಸೀನುವುದಕ್ಕೂ ಆಗುವುದಿಲ್ಲ ಎಂಬುದು ಪಾಪ ಆ ಲಿಂಕಿಗೇನು ಗೊತ್ತು.

ಅವತ್ತು ನಮ್ಮಲ್ಲಿ ಕೊಬ್ಬರಿ ಒಡೆಯುತ್ತಿದ್ದರು. ಹೆಚ್ಚು ಕಡಿಮೆ ವರ್ಷ ಅಟ್ಟದ ಮೇಲೆ ಒಣಗಿದ ಕಾಯಿ ಇಳಿಸಿ, ಸುಲಿದು, ಚಿಪ್ಪು ಒಡೆದು ಉಂಡೆ ಕೊಬ್ಬರಿ ತೆಗೆಯುವ ಕೆಲಸ. ಅಂಗಳದ ತುಂಬ ಹೆಂಗಸರು, ಟಕಟಕ ಸದ್ದು. ಫೋನಿಗೆ ಸಿಗ್ನಲ್ ಸಿಗುವುದೂ ಅಂಗಳದಲ್ಲೇ. ಮಗಳು ಜಗುಲಿಯ ತುದಿಯಲ್ಲಿ ಕೂತಳು. ನಮ್ಮ ಅತ್ತೆ, ಅಂದರೆ ಅವಳ ಅಜ್ಜಿ, "ಅದೇನು ಗಟ್ಟಿಯಾಗಿ ಓದೇ, ನಾವೂ ಕೇಳಾನ" ಎಂದರು.

"ಗುಂಪಿನಲ್ಲಿ ಸೇರಿ ಕೆಲಸ ಮಾಡುವುದು ನಿಮಗೆ ಇಷ್ಟವೇ?"

"ತುಂಬಾ ಇಷ್ಟ ಅಂತ ಹಾಕು ಮಗ. ಇಲ್ಲ ಅಂದ್ರೆ ಜಗಳಗಂಟಿ ಅನ್ಕೊಂತಾರೆ."

"ಒಬ್ಬರೇ ಕುಳಿತು ಕೆಲಸ ಮಾಡುವುದು ನಿಮಗೆ ಇಷ್ಟವೇ?"

"ಅದೂ ತುಂಬಾ ಇಷ್ಟ. ಇಲ್ಲ ಅಂದ್ರೆ ಪುಕ್ಲಿ ಅಂತಾರೆ."

"ಎರಡೂ ಹೆಂಗಜ್ಜಿ ಆಗುತ್ತೆ?"

"ಆಗುತ್ತೆ ಬುಡು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ. ಇದು ಬರೀ ಅರವತ್ತು. ನಿಮ್ಮವ್ವನ್ನ ನೋಡಕ್ಕೆ ಹೋದಾಗ ಹಾಡು ಬತ್ತೈತೇನಮ್ಮ ಅಂದೆ, ಬತ್ತೈತೆ ಅಂದ್ಲು. ಇವತ್ತಿನವರೆಗೂ ನಾನಂತೂ ಕೇಳಿಲ್ಲ."

ಹೆಂಗಸರೆಲ್ಲ ನಕ್ಕರು. ನಾನೂ ನಕ್ಕೆ. ಅತ್ತೆ ಹೇಳಿದ್ದು ನಿಜ. ಹೆಣ್ಣು ನೋಡಲು ಬಂದವರು ಏನು ಕೇಳಿದರೂ ಇಲ್ಲ ಅನ್ನಬಾರದು ಎಂದು ನಮ್ಮಮ್ಮ ಹೇಳಿಕೊಟ್ಟಿದ್ದಳು. ಅದೇ ನೀತಿಯನ್ನು ಆ ಪರೀಕ್ಷೆಗೂ ಹಾಕಿದೆವು. ಯಂತ್ರ ಬಿಚ್ಚಿ ನೋಡುವುದು? ತುಂಬಾ ಇಷ್ಟ, ಎಂದರು ಯಜಮಾನರು. ಅವಳು ಜೀವಮಾನದಲ್ಲಿ ಬಿಚ್ಚಿದ್ದು ನನ್ನ ಮಿಕ್ಸಿ ಒಂದನ್ನೇ, ಅದು ಇನ್ನೂ ಬಿಚ್ಚಿಕೊಂಡೇ ಇದೆ. ಲೆಕ್ಕ ಬಿಡಿಸುವುದು? ಚಿತ್ರ ಬರೆಯುವುದು? ಗಿಡಗಳ ಆರೈಕೆ? ಒಂದೊಂದಕ್ಕೂ ಅಂಗಳವೇ ಉತ್ತರ ಹೇಳುತ್ತಿತ್ತು. ಮಗಳು ಮೊದಮೊದಲು ವಾದ ಮಾಡಿದಳು, ಇಪ್ಪತ್ತನೇ ಪ್ರಶ್ನೆಯ ಹೊತ್ತಿಗೆ ನಾವು ಹೇಳಿದ್ದನ್ನೇ ಒತ್ತತೊಡಗಿದಳು.

"ಗಾಯ, ರಕ್ತ ಕಂಡಾಗ ಹತ್ತಿರ ಹೋಗಿ ಸಹಾಯ ಮಾಡುವುದು ನಿಮಗೆ ಇಷ್ಟವೇ?"

ಕೊಬ್ಬರಿ ಒಡೆಯುತ್ತಿದ್ದ ಒಬ್ಬಾಕೆ ಬೆಳಿಗ್ಗೆಯಷ್ಟೇ ಚಿಪ್ಪು ತಾಗಿ ಕುಯ್ದುಕೊಂಡಿದ್ದ ಬೆರಳನ್ನು ಮುಂದಕ್ಕೆ ಚಾಚಿ, "ತಗಳವ್ವ, ಇಲ್ಲೇ ಅಭ್ಯಾಸ ಮಾಡ್ಕೊ" ಅಂದಳು. ಮಗಳು ಕಣ್ಣು ಮುಚ್ಚಿಕೊಂಡಳು. ಕಣ್ಣು ಬಿಡುವಷ್ಟರಲ್ಲಿ ನಾನು ಫೋನು ಕಿತ್ತುಕೊಂಡು ‘ತುಂಬಾ ಇಷ್ಟ’ ಒತ್ತಿಯಾಗಿತ್ತು.

ಫಲಿತಾಂಶ ತಕ್ಷಣ ಬಂತು. ‘ಎಲ್ಲಾ ಕ್ಷೇತ್ರಗಳಲ್ಲೂ ಸಮಾನ ಆಸಕ್ತಿ.’ ಯಜಮಾನರಿಗೆ ಹಿಡಿಸಲಾರದಷ್ಟು ಖುಷಿ. ಅದನ್ನು ನೆಂಟರ ಗುಂಪಿಗೆಲ್ಲ ಕಳಿಸಿದರು. ಹುಳಿಯಾರಿನ ಅವರ ಅಕ್ಕ ಕೈ ಮುಗಿಯುವ ಚಿತ್ರ ಮೂರು ಕಳಿಸಿದರು.

ಶನಿವಾರ ಮೇಡಂ ಮಗಳಿಗೆ ಫೋನ್ ಮಾಡಿ, ನಾಳಿದ್ದು ಅಪ್ಲಿಕೇಶನ್ ಕೊಡಲು ಬರುವಾಗ ತಾಯಿಯನ್ನೂ ಕರೆದುಕೊಂಡು ಬಾ ಎಂದರಂತೆ. ಹೊಗಳಲಿಕ್ಕೇ ಇರಬೇಕು ಎಂದುಕೊಂಡು ನಾನು ಮದುವೆಗೆ ಉಡುವ ಸೀರೆ ಉಟ್ಟೆ. ಹೊರಡುವಾಗ ಯಜಮಾನರು, "ಸೈನ್ಸ್ ಅಂತ ಬರೆಸಿ, ಸಹಿ ಹಾಕಿ ಬಾ" ಅಂದರು.

ಮೇಡಂ ನನಗಿಂತ ಚಿಕ್ಕವರು. ನಾನು ಕೊಟ್ಟ ಕೊಬ್ಬರಿ ಬೆಲ್ಲದ ಚೀಲವನ್ನು ಮೇಜಿನ ಪಕ್ಕಕ್ಕಿಟ್ಟು, "ಇದನ್ನ ಯಾರು ತುಂಬಿದ್ದಮ್ಮ?" ಎಂದು ಕೇಳಿದರು.

"ಅವಳೇ ಮೇಡಂ" ಎಂದೆ. ಮಗಳು ನನ್ನ ಮುಖ ನೋಡಿದಳು. "ನಾವೂ ಸ್ವಲ್ಪ ಜೊತೆಗಿದ್ವಿ."

"ಎಷ್ಟು ಜನ?"

ಲೆಕ್ಕ ಹಾಕಿದೆ. ಕೊಬ್ಬರಿಯವರೂ ಸೇರಿ ಒಂಬತ್ತಾಯಿತು.

ಮೇಡಂ ನಗು ತಡೆದುಕೊಂಡರು. "ಎಲ್ಲದ್ರಲ್ಲೂ ಆಸಕ್ತಿ ಅಂದ್ರೆ ನಮಗೇನೂ ಗೊತ್ತಾಗಲ್ಲಮ್ಮ. ಯಾವುದು ಇಷ್ಟ ಇಲ್ಲ ಅಂತ ಹೇಳಿದ್ರೇನೇ ಇಷ್ಟ ಆದದ್ದು ಕಾಣೋದು" ಅಂದು, ಅದೇ ಪ್ರಶ್ನೆಗಳ ಮುದ್ರಿಸಿದ ಹಾಳೆ ಕೊಟ್ಟು ಮಗಳನ್ನು ಪಕ್ಕದ ಕೋಣೆಗೆ ಕಳಿಸಿದರು. ನನ್ನ ಮುಂದೆಯೂ ಒಂದು ಹಾಳೆ ಇಟ್ಟರು. "ಅಲ್ಲೀವರೆಗೂ ನೀವೂ ತುಂಬಿ. ಮಗಳಿಗಲ್ಲ, ನಿಮಗೆ."

ಈ ವಯಸ್ಸಿನಲ್ಲಿ ನನಗೆಂಥ ಪರೀಕ್ಷೆ ಎಂದು ಸಿಟ್ಟೇ ಬಂತು. ಆದರೂ ಪೆನ್ನು ತೆಗೆದುಕೊಂಡೆ. ಬೆಳಿಗ್ಗೆ ಬೇಗ ಎದ್ದು ಕೆಲಸ ಆರಂಭಿಸುವುದು ನಿಮಗೆ ಇಷ್ಟವೇ? ಇಪ್ಪತ್ತು ವರ್ಷದಿಂದ ಐದು ಗಂಟೆಗೆ ಏಳುತ್ತಿದ್ದೇನೆ. ಕೈ ತಾನಾಗಿಯೇ ‘ತುಂಬಾ ಇಷ್ಟ’ದ ಕಡೆ ಹೋಯಿತು. ಅಲ್ಲೇ ನಿಂತಿತು. ಏಳುವುದು ಸರಿ, ಇಷ್ಟವೇ ಎಂದು ಯಾರಾದರೂ ಕೇಳಿದ್ದರೇ? ನಾನೇ ಕೇಳಿಕೊಂಡಿದ್ದೆನೇ? ಮೇಡಂ ಅತ್ತ ತಿರುಗಿದ್ದು ನೋಡಿಕೊಂಡು ‘ಇಷ್ಟವಿಲ್ಲ’ಕ್ಕೆ ಗುರುತು ಹಾಕಿದೆ. ಡಬ್ಬಿಯಿಂದ ಸಕ್ಕರೆ ಕದ್ದು ತಿಂದ ಹಾಗಾಯಿತು. ದಿನವೂ ಅಡುಗೆ ಮಾಡುವುದು? ಅಷ್ಟಕ್ಕಷ್ಟೇ. ಮನೆಗೆ ಬಂದವರನ್ನು ಉಪಚರಿಸುವುದು? ಯಾರು ಬರುತ್ತಾರೆ ಎಂಬುದರ ಮೇಲಿದೆ, ಆದರೆ ಹಾಗೆ ಬರೆಯಲು ಜಾಗ ಇರಲಿಲ್ಲ. ಹತ್ತು ಪ್ರಶ್ನೆ ದಾಟುವಷ್ಟರಲ್ಲಿ ನನಗೆ ಎಂಥ ಉಮೇದು ಬಂದಿತ್ತೆಂದರೆ, ಓದುವ ಮೊದಲೇ ‘ಇಷ್ಟವಿಲ್ಲ’ಕ್ಕೆ ಗುರುತು ಹಾಕಲು ಶುರುಮಾಡಿದ್ದೆ. ಯಾವುದು ಇಷ್ಟ ಎಂದು ಹುಡುಕಲು ಹೋದಾಗ ಮಾತ್ರ ಪೆನ್ನು ಓಡಲಿಲ್ಲ. ಕಣ್ಣೀರು ಬಂತು, ಅದನ್ನು ಆ ಮದುವೆಯ ಸೀರೆಯ ಸೆರಗಿನಲ್ಲೇ ಒರೆಸಿಕೊಂಡೆ.

ಅಷ್ಟರಲ್ಲಿ ಮಗಳು ಮುಗಿಸಿಕೊಂಡು ಬಂದಳು. ಮೇಡಂ ಅವಳ ಹಾಳೆ ನೋಡಿ ನನ್ನ ಕೈಗೆ ಕೊಟ್ಟರು. ರಕ್ತ, ಇಷ್ಟವಿಲ್ಲ. ಯಂತ್ರ, ಇಷ್ಟವಿಲ್ಲ. ಲೆಕ್ಕ, ಅಷ್ಟಕ್ಕಷ್ಟೇ. ಪುಟದ ತುಂಬ ಇಲ್ಲ, ಇಲ್ಲ, ಇಲ್ಲ. ಹಿರಿಯರನ್ನು ಮಾತಾಡಿಸಿ ಹಿಂದಿನ ಸಂಗತಿ ಬರೆದಿಡುವುದು, ಹಳೆಯ ಕಾಗದ ಪತ್ರ ಓದುವುದು, ಇಂಥ ಏಳೆಂಟು ಕಡೆ ಮಾತ್ರ ‘ತುಂಬಾ ಇಷ್ಟ’. ಅಲ್ಲಿ ಪೆನ್ನು ಎಷ್ಟು ಒತ್ತಿದ್ದಳೆಂದರೆ ಗುರುತು ಹಾಳೆಯ ಹಿಂದಕ್ಕೂ ಮೂಡಿತ್ತು. ಹದಿನಾರು ವರ್ಷ ಸಾಕಿದ ಮಗಳನ್ನು ಅವತ್ತು ಮೊದಲ ಸಲ ನೋಡಿದ ಹಾಗೆ ನೋಡಿದೆ.

ಹಾಳೆಯ ಕೊನೆಯಲ್ಲಿ ಮೇಡಂ ತಾವೇ ಕೈಯಲ್ಲಿ ಬರೆದು ಸೇರಿಸಿದ್ದ ಇನ್ನೊಂದು ಪ್ರಶ್ನೆ ಇತ್ತು. ‘ನಿಮ್ಮ ಆಯ್ಕೆಯನ್ನು ಮನೆಯವರು ಒಪ್ಪುತ್ತಾರೆಯೇ?’ ಅದಕ್ಕೆ ಅವಳು, ‘ಹೌದು, ಒಪ್ಪುತ್ತಾರೆ’ ಎಂದು ಬರೆದಿದ್ದಳು.

"ಇದೊಂದಕ್ಕೆ ಯಾಕೇ ಸುಳ್ಳು ಬರೆದೆ?" ಎಂದು ಮೆಲ್ಲಗೆ ಕೇಳಿದೆ.

"ಸುಳ್ಳಲ್ಲಮ್ಮ. ಅಪ್ಪನ್ನ, ಅಜ್ಜೀನ ನೀನು ಒಪ್ಪಿಸ್ತೀಯಲ್ಲ, ಅದಕ್ಕೇ ಬರೆದೆ."

ನನಗೆ ನಾಚಿಕೆಯಾಯಿತು. ಅವಳ ಕೈಯಿಂದ ಫೋನು ಕಿತ್ತುಕೊಂಡವಳು ನಾನು, ಅಂಥ ನನ್ನನ್ನು ನಂಬಿ ಅವಳು ಇದನ್ನು ಬರೆದಿದ್ದಳು. ಅಪ್ಲಿಕೇಶನ್ನಿನಲ್ಲಿ ಅವಳು ‘ಕಲಾ ವಿಭಾಗ’ ಎಂದು ಬರೆದಳು. ಕೆಳಗೆ ನಾನು ಸಹಿ ಹಾಕಿದೆ.

ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದಾಗ ಯಜಮಾನರ ಫೋನು ಬಂತು. "ಸೈನ್ಸ್ ಅಂತ ಬರೆಸ್ದೇನೇ?"

"ಇಲ್ಲ ಕಣ್ರೀ. ಆರ್ಟ್ಸ್. ನಾನೇ ಸಹಿ ಹಾಕಿದೀನಿ. ಬತ್ತಾ ಇದೀವಿ, ಬೈಯೋದಿದ್ರೆ ನನ್ನ ಬೈಯಿರಿ, ಅವಳನ್ನ ಏನೂ ಅನ್ಬೇಡಿ."

ಅಷ್ಟು ಹೇಳಿ ಫೋನು ಇಟ್ಟೆ. ಮಗಳು ನನ್ನ ಕೈ ಹಿಡಿದುಕೊಂಡಳು. ಬಸ್ಸು ಬಂದು, ಹತ್ತಿ ಕೂತ ಮೇಲೂ ಬಿಡಲಿಲ್ಲ.