ಐದರ ಚೀಟಿ, ಏಳರ ಯಂತ್ರ

ಶಿಕಾಗೋ ಹೊರವಲಯದ ಗ್ಲೆಂಡೇಲ್ ಹೈಟ್ಸ್‌ನ ಕಲ್ಲಿನಾಥ ಹಾವೇರಿಯಲ್ಲಿ ಆರನೇ ಇಯತ್ತೆಗೇ ಶಾಲೆಗೆ ಶರಣು ಹೊಡೆದವನು. ಗಾಜಿನಡಿ ಚೆಂಡು ಉರುಳಿಸಿ ಆಡುವ ಪಿನ್‌ಬಾಲ್ ಯಂತ್ರಗಳ ಶಿಕಾಗೋ ಕಾರ್ಖಾನೆಯಲ್ಲಿ ಹನ್ನೆರಡು ವರ್ಷ ತಂತಿ ಬೆಸೆದ. ತೊಂಬತ್ತೊಂಬತ್ತರಲ್ಲಿ ಅದು ಬಾಗಿಲು ಹಾಕಿದಾಗ ಓದಿದವರೆಲ್ಲ ಜೋಲು ಮೋರೆ ಹಾಕಿಕೊಂಡು ಅರ್ಜಿ ಬರೆಯುತ್ತ ಕೂತರೆ, ಇವನು ವ್ಯಾನಿಗೆ ಸಾಮಾನಿನ ಪೆಟ್ಟಿಗೆ ಏರಿಸಿ ಮನೆಮನೆಯ ಯಂತ್ರಗಳ ರಿಪೇರಿಗೆ ಹೊರಟ. ಒಳಗಿನ ಚಿಪ್‌ನಲ್ಲಿರುವ ಸಾಫ್ಟ್‌ವೇರ್ ಎಷ್ಟನೇ ಆವೃತ್ತಿಯದೆಂದು ಚೆಂಡು ನಾಲ್ಕು ಸುತ್ತು ಉರುಳುವುದರೊಳಗೆ ಹೇಳಿಬಿಡುತ್ತಿದ್ದ.

ಡೌನರ್ಸ್ ಗ್ರೋವ್‌ನ ಸತ್ಯನಾರಾಯಣರು ಎರಡು ಡಿಗ್ರಿಯ ಎಂಜಿನಿಯರು. ಅವರ ಬೇಸ್‌ಮೆಂಟಿನ ಹಳೇ ಪಿನ್‌ಬಾಲ್‌ನಲ್ಲಿದ್ದ ಐದನೇ ಆವೃತ್ತಿಯನ್ನು ಅಳಿಸಿ, ಅದೇ ಚಿಪ್‌ಗೆ ಏಳನೆಯದನ್ನು ಕಲ್ಲಿನಾಥ ತುಂಬಿಕೊಟ್ಟಿದ್ದ. ಚಿಪ್‌ನ ಮೇಲೆ ಅಂಟಿಸಿದ್ದ ಆವೃತ್ತಿಯ ಚೀಟಿ ಬದಲಿಸಲು ಮಾತ್ರ ಮೈಗಳ್ಳತನ. ಒಂದು ದಿನ ಎಂಜಿನಿಯರು ಮುಚ್ಚಳ ತೆಗೆದು ಇಣುಕಿದರೆ, ಚೀಟಿಯಲ್ಲಿ ಐದು! ಕಲ್ಲಿನಾಥ ಟೋಪಿ ಹಾಕಿದನೆಂದು ಕನ್ನಡ ಸಂಘದ ಪಿಕ್ನಿಕ್ಕಿನಲ್ಲಿ ಪುಳಿಯೋಗರೆಯ ಜೊತೆಗೇ ಬಡಿಸಿದರು. ಪ್ಲೇನ್‌ಫೀಲ್ಡ್‌ನ ಇಂದುಮತಿಯವರು ಮರುದಿನವೇ ಕಲ್ಲಿನಾಥನಿಗೆ ಫೋನು ಮಾಡಿ ತಮ್ಮ ಯಂತ್ರದ ರಿಪೇರಿ ಬೇಡವೆಂದರು. ಇನ್ನೆರಡು ಮನೆಯವರೂ ಅದನ್ನೇ ಅಂದರು. ಈ ಕಸುಬಿನಲ್ಲಿ ಹೆಸರು ಕೆಟ್ಟರೆ ವ್ಯಾನಿಗೆ ತುಕ್ಕೇ ಗತಿ.

ಕಲ್ಲಿನಾಥ ನೆಟ್ಟಗೆ ಡೌನರ್ಸ್ ಗ್ರೋವ್‌ಗೆ ಹೋದ.

"ಸ್ವಿಚ್ ಹಾಕಿದ ಕೂಡ್ಲೇ ಪರದೆ ಮ್ಯಾಲ ಆವೃತ್ತಿ ನಂಬರ್ ತೋರಸ್ತೈತ್ರಿ ಸರ, ಮೂರು ಸೆಕೆಂಡ್. ನೋಡಿಲ್ಲೇನ್ರಿ?"

"ನೂರು ಸಲ ಆನ್ ಮಾಡಿದೀನಿ ಕಣ್ರೀ, ಒಂದು ಸಲಾನೂ ಬಂದಿಲ್ಲ. ನನಗೇ ಸಾಫ್ಟ್‌ವೇರ್ ಹೇಳ್ಕೊಡ್ತೀರಾ?"

"ಇನ್ನೊಮ್ಮೆ ಹಾಕ್ರಿ."

ಸತ್ಯನಾರಾಯಣರು ಸ್ವಿಚ್ ಹಾಕಿದರು. ಹಾಕಿದವರೇ ಎರಡೂ ಕೈ ಜೋಡಿಸಿ, ಕಣ್ಣು ಬಿಗಿಯಾಗಿ ಮುಚ್ಚಿ, ಆಯುಧಪೂಜೆಯ ದಿನ ಕಾರಿನ ಮುಂದೆ ನಿಂತ ಹಾಗೆ ಯಂತ್ರಕ್ಕೆ ನಮಸ್ಕರಿಸಿದರು. ತುಟಿ ಪಿಟಿಪಿಟಿ ಆಡಿತು. ಕಣ್ಣು ಬಿಡುವ ಹೊತ್ತಿಗೆ ಪರದೆಯಲ್ಲಿ ಆಟದ ಹೆಸರು ಕುಣಿಯುತ್ತಿತ್ತು.

"ನೋಡಿದ್ರಾ? ಏನೂ ಬರಲಿಲ್ಲ."

ಕಾಫಿ ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದ ಹೆಂಡತಿ ಸರಳಾ ಕಿಸಕ್ಕನೆ ನಕ್ಕರು. "ಏಳು ಅಂತ ಬಂತಲ್ರೀ! ನೀವು ಕಣ್ಣು ಬಿಟ್ಟಿದ್ರೆ ತಾನೆ?"

"ಯಾವ ಮೆಷಿನ್ ಆನ್ ಮಾಡಿದ್ರೂ ನಮಸ್ಕಾರ ಮಾಡೋದು ನಮ್ಮ ತಂದೆ ಕಲಿಸಿದ್ದು ಕಣೇ."

"ನಾನೂ ಮಾಡ್ತೀನ್ರಿ ಸರ," ಎಂದ ಕಲ್ಲಿನಾಥ. "ಕಣ್ಣ ಬಿಟ್ಕೊಂಡು."

ಹಳೇ ಚೀಟಿ ಕಿತ್ತು ಏಳರದನ್ನು ಅಂಟಿಸಿದ. ಆಮೇಲೆ ಗೋಡೆಯ ಫೋನು ತೆಗೆದು ಅವರ ಕೈಗಿಟ್ಟ. "ಮೊದಲ ಇಂದುಮತಿ ಅವರಿಗೆ ಹಚ್ರಿ. ಉಳದೋರ ನಂಬರ್ ನಾ ಹೇಳ್ತೀನಿ." ಸರಳಾ ಕೊಟ್ಟ ಕಾಫಿ ಹಿಡಿದು ಮೆಟ್ಟಿಲ ಮೇಲೆ ಗಟ್ಟಿಯಾಗಿ ಕೂತ.

"ಹಲೋ, ಇಂದುಮತಿಯವರೇ? ಆ ಚಿಪ್ ಸರಿಯಾಗೇ ಇದೆ. ಕಲ್ಲಿನಾಥಂದು ತಪ್ಪಿಲ್ಲ. ಹ್ಞಾಂ... ನಾನೇ ಖುದ್ದಾಗಿ ಟೆಸ್ಟ್ ಮಾಡಿ ಕಂಡುಹಿಡಿದೆ."

ಕಲ್ಲಿನಾಥ ಕಾಫಿ ಗುಟುಕರಿಸಿ ಎರಡನೇ ನಂಬರ್ ಹೇಳಿದ.